ಕತ್ತಲು ಬೇಡುವ ಹೂಗಿಡ

ದಸರಾ ಮುಗಿಯುತ್ತಿದ್ದಂತೆ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಸಂಜೆ ಆರರ ಮೇಲೆ ಯಾರೂ ದೀಪ ಹಾಕುವಂತಿಲ್ಲ. ಪೂರ್ವದ ಕಿಟಕಿಯ ಪಕ್ಕ ಕ್ರಿಸ್‌ಮಸ್ ಕ್ಯಾಕ್ಟಸ್‌ನ ಕುಂಡ ಇರುವುದು ಅಲ್ಲೇ. ಈ ಗಿಡ ಮೊಗ್ಗು ಕಟ್ಟಲು ದಿನಕ್ಕೆ 13 ಗಂಟೆಯಷ್ಟು ಎಡೆಬಿಡದ ಕತ್ತಲು ಬೇಕು, ಅದೂ ಸುಮಾರು 6 ವಾರ. ನಡುರಾತ್ರಿ ಟ್ಯೂಬ್‌ಲೈಟ್ ಹೊತ್ತಿಸಿದರೆ ಅದರ ಲೆಕ್ಕ ತಪ್ಪುತ್ತದೆ. ಹೂಗಿಡಕ್ಕೆ ಬಿಸಿಲು ಹುಡುಕುವುದು ಎಲ್ಲರಿಗೂ ಗೊತ್ತು. ಕತ್ತಲನ್ನು ಕಾದಿಟ್ಟು ಕೊಡುವ ಈ ಕೆಲಸ ನನಗೆ ಅದಕ್ಕಿಂತ ಹೆಚ್ಚು ಪ್ರೀತಿಯದು.

ಕ್ಯಾಕ್ಟಸ್ ಎಂದೊಡನೆ ಮರಳು, ಮುಳ್ಳು, ಉರಿಬಿಸಿಲು ನೆನಪಾಗಿ ಹಲವರು ಇದನ್ನು ಬಾಲ್ಕನಿಯ ಸುಡುಬಿಸಿಲಿಗೆ ನೂಕುತ್ತಾರೆ. ಪಾಪ, ಇದು ಕಾಡಿನ ಜೀವ. ಬ್ರೆಜಿಲ್‌ನ ರಿಯೋ ಡಿ ಜನೈರೊ ಬಳಿಯ ಮಂಜು ಕವಿದ ಬೆಟ್ಟಗಳಲ್ಲಿ, ನಮ್ಮ ಮಲೆನಾಡಿನ ಸೀತಾಳೆಯ ಹಾಗೆ ಮರದ ಕೊಂಬೆಯ ಮೇಲೆ, ಬಂಡೆಯ ಸಂದಿಯಲ್ಲಿ ಬೇರೂರುತ್ತದೆ. ಅಲ್ಲಿ ಚಳಿಗಾಲ ಜೂನ್‌ಗೆ ಶುರುವಾಗುವುದರಿಂದ ಹೂ ಬಿಡುವುದು ಮೇ ತಿಂಗಳ ಹೊತ್ತಿಗೆ. ಹಬ್ಬ ಯಾವುದಾದರೇನು, ಗಿಡ ಕೇಳುವುದು ಇರುಳಿನ ಉದ್ದವನ್ನು, ಜೊತೆಗೆ ತಂಪನ್ನು. ರಾತ್ರಿ 15ರಿಂದ 18 ಡಿಗ್ರಿಗೆ ಇಳಿದರೆ ಅದಕ್ಕೆ ಹಿತ. ಬೆಂಗಳೂರು, ಮಡಿಕೇರಿ, ಚಿಕ್ಕಮಗಳೂರಿನವರಿಗೆ ಇದು ಪುಕ್ಕಟೆ ಸಿಗುವ ಭಾಗ್ಯ. ಕರಾವಳಿಯ ಸೆಕೆಯಲ್ಲಿ ಹೂ ಬಿಡಿಸುವುದು ಕಷ್ಟ.

ಮರದ ಮೇಲಿನ ಬೇರಿಗೆ ಗಾಳಿಯಾಡಬೇಕು. ತೋಟದ ಜಿಗುಟು ಮಣ್ಣು ಬೇಡವೇ ಬೇಡ. ಕೋಕೋಪೀಟ್, ಎಲೆಗೊಬ್ಬರ, ಇದ್ದಿಲು ಮತ್ತು ಇಟ್ಟಿಗೆಯ ಚೂರು ಬೆರೆಸಿದರೆ ಸಾಕು. ಮೇಲಿನ ಒಂದಂಗುಲ ಒಣಗಿದ ಮೇಲೆ ನೀರು. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಬೇಕು.

ಇದಕ್ಕೆ ಎಲೆಗಳಿಲ್ಲ. ಎಲೆಯಂತೆ ಕಾಣುವ ಹಸಿರು ಗೆಣ್ಣುಗಳೆಲ್ಲ ಚಪ್ಪಟೆ ಕಾಂಡಗಳೇ. ಅಂಚಿನಲ್ಲಿ ಚೂಪು ಹಲ್ಲುಗಳಿದ್ದರೆ ಅದು ನವೆಂಬರ್‌ಗೇ ಅರಳುವ ಜಾತಿ. ಅಂಚು ದುಂಡಗಿದ್ದರೆ 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಮಿಶ್ರತಳಿ, ಸ್ವಲ್ಪ ತಡ. ಕೊನೆಯ ಗೆಣ್ಣಿನ ತುದಿಯಲ್ಲಿ ಒಂದು ಕೆಂಪು ಚುಕ್ಕೆ ಮೂಡುತ್ತದೆ. ಚಪ್ಪಟೆಯಾದರೆ ಹೊಸ ಗೆಣ್ಣು, ಗುಂಡಗಾದರೆ ಮೊಗ್ಗು. ಅದು ತಿಳಿಯುವವರೆಗೆ ಬೆಳಗಿನ ಕಾಫಿ ಲೋಟ ಹಿಡಿದು ನಾನು ಅಲ್ಲೇ ಬಗ್ಗಿ ನಿಂತಿರುತ್ತೇನೆ. ಆಮೇಲೆ ಮೊಗ್ಗು ನೀಳವಾಗಿ, ಬಾಗಿ, ಒಂದು ಮುಂಜಾನೆ ಬಿಚ್ಚಿಕೊಳ್ಳುತ್ತದೆ. ಒಂದು ಹೂವಿನೊಳಗಿಂದ ಇನ್ನೊಂದು ಹೊರಟಂತೆ ಎರಡು ಅಂತಸ್ತು, ಹಿಂದಕ್ಕೆ ಮಡಿಚಿದ ಗುಲಾಬಿ ಎಸಳು, ಬಿಳಿ ಕೇಸರಗಳ ಗೊಂಚಲನ್ನೂ ದಾಟಿ ಚಾಚಿದ ಕಡುಗೆಂಪು ಶಲಾಕೆ. ತಾಯ್ನಾಡಿನಲ್ಲಿ ಇದರ ಮಕರಂದಕ್ಕೆ ಬರುವುದು ಹಮ್ಮಿಂಗ್‌ಬರ್ಡ್. ಅದರ ಕೊಕ್ಕಿಗೆಂದೇ ಹೂ ಹೀಗೆ ಅಡ್ಡಡ್ಡ ಚಾಚಿಕೊಂಡಿದೆ.

ಮೊಗ್ಗು ಕಂಡ ಕೂಡಲೇ ಕುಂಡವನ್ನು ಹಾಲ್‌ಗೆ ತಂದಿಡುವ ಆತುರ ಬೇಡ. ಬೆಳಕು, ತಾಪ ಒಮ್ಮೆಲೇ ಬದಲಾದರೆ ಮೊಗ್ಗುಗಳು ಉದುರುತ್ತವೆ.

ಚೆನ್ನಾಗಿ ನೋಡಿಕೊಂಡರೆ ಈ ಗಿಡ ದಶಕಗಟ್ಟಲೆ ಬಾಳುತ್ತದೆ. ಯಾರ ಮನೆಯಲ್ಲಾದರೂ ಕಂಡರೆ ಸಂಕೋಚಪಡದೆ ಎರಡು ಮೂರು ಗೆಣ್ಣಿನ ಒಂದು ತುಂಡು ಕೇಳಿ. ತಿರುಚಿದರೆ ಸುಲಭವಾಗಿ ಕಳಚಿಕೊಳ್ಳುತ್ತದೆ. ಎರಡು ದಿನ ನೆರಳಲ್ಲಿ ಒಣಗಿಸಿ ನೆಡಿ, ಬೇರು ಬಿಡುತ್ತದೆ.