ಲಕೋಟೆಯೊಳಗಿಲ್ಲದ ಹೆಸರು

ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗೆ ಬಹಳ ವರ್ಷ ಕಥೆ ಕಳಿಸಿದವನು ನಾನು. ಮೊದಲ ಮೂರು ಬಹುಮಾನಗಳಿಗೂ ನನಗೂ ಯಾವತ್ತೂ ಋಣಾನುಬಂಧ ಕೂಡಿಬರಲಿಲ್ಲ. ಫಲಿತಾಂಶದ ಪುಟದ ಕೆಳಗೆ ಸಣ್ಣಕ್ಷರದಲ್ಲಿ ‘ತೀರ್ಪುಗಾರರ ಮೆಚ್ಚುಗೆ ಪಡೆದ ಕಥೆಗಳು’ ಎಂದೊಂದು ಪಟ್ಟಿ ಇರುತ್ತದಲ್ಲ, ಅಲ್ಲಿನ ಕಾಯಂ ನಿವಾಸಿ ನಾನು. ಆ ಪಟ್ಟಿಯಲ್ಲಿ ಹೆಸರು ಬಂದವನನ್ನು ಊರಿನವರು ಮಾತಾಡಿಸುವ ರೀತಿಯೇ ಬೇರೆ. ‘ಪ್ರೈಜು ಬಂತಂತಲ್ಲ ಸಾರ್, ಎಷ್ಟನೇದು?’ ಎನ್ನುತ್ತಾರೆ. ಮೆಚ್ಚಿದ್ದಾರೆ, ಆದರೆ ದುಡ್ಡು ಕೊಡುವಷ್ಟು ಮೆಚ್ಚಿಲ್ಲ ಎಂದು ಬಿಡಿಸಿ ಹೇಳುವಷ್ಟರಲ್ಲಿ ಅವರ ಬಸ್ಸು ಬಂದಿರುತ್ತದೆ.

ಹೀಗಾಗಿ, ಆಂಜೆಲಾ ಲ್ಯಾನ್ಸ್‌ಬರಿ ಎಂಬ ನಟಿಯ ಹೆಸರಿನ ಮುಂದೆ, ಅಮೆರಿಕದ ಟೀವಿ ಪ್ರಶಸ್ತಿಗಳ ಲೆಕ್ಕದಲ್ಲಿ, ‘ಎಮ್ಮಿ ಪ್ರಶಸ್ತಿ: ನಾಮನಿರ್ದೇಶನ 18, ಗೆಲುವು 0’ ಎಂದು ಓದಿದಾಗ ನನಗೆ ಪರವೂರಿನಲ್ಲಿ ಸೋದರತ್ತೆ ಸಿಕ್ಕಂತಾಯಿತು.

ಆಕೆಯನ್ನು ನನಗೆ ಪರಿಚಯಿಸಿದ್ದು ಅಮ್ಮ. ನ್ಯೂಜೆರ್ಸಿಯ ತಮ್ಮನ ಮನೆಗೆ ಹೋಗಿದ್ದಾಗ, ಮಗ ಸೊಸೆ ಆಫೀಸಿಗೂ ಮೊಮ್ಮಗಳು ಶಾಲೆಗೂ ಹೊರಟ ಮೇಲೆ ಅಮ್ಮನಿಗೆ ಇದ್ದ ಜೊತೆಯೆಂದರೆ ಟೀವಿ. ಅದರಲ್ಲಿ ಹಗಲೆಲ್ಲ ಹಳೆಯ ಧಾರಾವಾಹಿಗಳ ಮರುಪ್ರಸಾರ. ‘ಮರ್ಡರ್, ಶಿ ರೋಟ್’ ಅವುಗಳಲ್ಲೊಂದು. ಅಮೆರಿಕದ ಮೇಯ್ನ್ ರಾಜ್ಯದ ಕಡಲತೀರದಲ್ಲಿ ಕ್ಯಾಬಟ್ ಕೋವ್ ಎಂಬ ಕಾಲ್ಪನಿಕ ಊರು. ಅಲ್ಲಿ ಜೆಸಿಕಾ ಫ್ಲೆಚರ್ ಎಂಬ ವಿಧವೆ, ಶಾಲೆಯಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾಗಿ ಪತ್ತೇದಾರಿ ಕಾದಂಬರಿ ಬರೆಯುವಾಕೆ. ಎಲ್ಲಿಗೆ ಹೋದರೂ ಒಂದು ಕೊಲೆ, ಕೊನೆಗೆ ಪೊಲೀಸರು ತಪ್ಪಾಗಿ ಹಿಡಿದವನನ್ನು ಬಿಡಿಸಿ ನಿಜವಾದ ಕೊಲೆಗಾರನನ್ನು ತೋರಿಸಿಕೊಡುವುದು ಈಕೆ. ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೂ ಅರ್ಧ ಕಂತು ಮುಗಿಯುವಷ್ಟರಲ್ಲಿ, ‘ಆ ಕೋಟಿನೋನೇ ಕಣೋ ಕೊಂದಿರೋದು. ನೋಡು, ಬೇಡದಿದ್ರೂ ಎಷ್ಟು ಮರ್ಯಾದೆ ಕೊಟ್ಟು ಮಾತಾಡ್ತಾನೆ’ ಎಂದು ತೀರ್ಪು ಕೊಡುತ್ತಿದ್ದಳು. ಸಾಮಾನ್ಯವಾಗಿ ಸರಿಯಾಗಿರುತ್ತಿತ್ತು. ‘ಈ ಅಜ್ಜಿ ಕಾಲಿಟ್ಟ ಕಡೆಯೆಲ್ಲ ಹೆಣ ಬೀಳುತ್ತೆ. ಮದುವೆ ಮುಂಜಿಗೆ ಮಾತ್ರ ಕರೀಬಾರದು’ ಎಂಬುದು ಇನ್ನೊಂದು ತೀರ್ಪು.

ಲ್ಯಾನ್ಸ್‌ಬರಿ ಹುಟ್ಟಿದ್ದು 1925ರಲ್ಲಿ, ಲಂಡನ್ನಿನಲ್ಲಿ. ಅಜ್ಜ ಜಾರ್ಜ್ ಲ್ಯಾನ್ಸ್‌ಬರಿ ಲೇಬರ್ ಪಕ್ಷದ ನಾಯಕ. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋದ ಗಾಂಧೀಜಿ ಬಿಡಾರ ಹೂಡಿದ ಕಿಂಗ್ಸ್‌ಲಿ ಹಾಲ್ ಇದ್ದದ್ದು ಈ ಅಜ್ಜನ ಕ್ಷೇತ್ರದ ಬೋ ಪ್ರದೇಶದಲ್ಲೇ. ತಾಯಿ ನಟಿ. ಯುದ್ಧದ ಕಾಲದಲ್ಲಿ, 1940ರಲ್ಲಿ, ತಾಯಿ ಮಕ್ಕಳು ಹಡಗು ಹತ್ತಿ ಅಮೆರಿಕ ಸೇರಿದರು. ಹುಡುಗಿ ಲಾಸ್ ಏಂಜಲೀಸಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಗ ‘ಗ್ಯಾಸ್‌ಲೈಟ್’ ಚಿತ್ರದಲ್ಲಿ ಕೆಲಸದವಳ ಪಾತ್ರ ಸಿಕ್ಕಿತು. ವಯಸ್ಸು ಹದಿನೇಳು. ಮೊದಲ ಚಿತ್ರಕ್ಕೇ ಪೋಷಕ ನಟಿ ವಿಭಾಗದಲ್ಲಿ ಆಸ್ಕರ್ ನಾಮನಿರ್ದೇಶನ!

ಗೆಲ್ಲಲಿಲ್ಲ. ಹತ್ತೊಂಬತ್ತರ ಈ ಹುಡುಗಿಯ ಎದುರು ಗೆದ್ದವರು ಅರವತ್ತೈದರ ಈಥೆಲ್ ಬ್ಯಾರಿಮೋರ್. ಹಿರಿಯರು, ಇರಲಿ. ಮರುವರ್ಷ ‘ದಿ ಪಿಕ್ಚರ್ ಆಫ್ ಡೋರಿಯನ್ ಗ್ರೇ’ಗೆ ಎರಡನೆಯ ನಾಮನಿರ್ದೇಶನ. ಆಗ ಗೆದ್ದದ್ದು ‘ನ್ಯಾಷನಲ್ ವೆಲ್ವೆಟ್’ ಚಿತ್ರದ ತಾಯಿ ಪಾತ್ರಕ್ಕಾಗಿ ಆ್ಯನ್ ರೆವಿಯರ್. ಆ ಚಿತ್ರದಲ್ಲಿ ಆ ತಾಯಿಗೆ ಹಿರಿಮಗಳಾಗಿ ನಟಿಸಿದ್ದು ಬೇರೆ ಯಾರೂ ಅಲ್ಲ, ಲ್ಯಾನ್ಸ್‌ಬರಿಯೇ. ಮೂರನೆಯದು 1962ರ ‘ದಿ ಮಂಚೂರಿಯನ್ ಕ್ಯಾಂಡಿಡೇಟ್’. ಮಗನನ್ನೇ ರಾಜಕೀಯದ ದಾಳವಾಗಿಸುವ ಭಯಂಕರ ತಾಯಿ. ಮಗನ ಪಾತ್ರದ ಲಾರೆನ್ಸ್ ಹಾರ್ವಿ ಆಕೆಗಿಂತ ಬರೀ ಮೂರು ವರ್ಷ ಚಿಕ್ಕವನು! (ನಾಯಕನಿಗೆ ನಿನ್ನೆ ಜೋಡಿಯಾಗಿದ್ದವಳು ಇವತ್ತು ಅವನ ತಾಯಿಯಾಗುವುದು ನಮ್ಮ ಗಾಂಧಿನಗರದ ಸ್ವತ್ತು ಎಂದುಕೊಂಡಿದ್ದೆ, ಹಾಲಿವುಡ್ಡಿನಲ್ಲೂ ಬಂಧುಬಳಗದ ಲೆಕ್ಕ ಹೀಗೆಯೇ.) ಆ ಪಾತ್ರ ನೋಡಿದವರು ಮರೆಯುವುದಿಲ್ಲ. ಪ್ರಶಸ್ತಿ ಹೋದದ್ದು ಮಾತ್ರ ಹದಿನಾರರ ಪ್ಯಾಟಿ ಡ್ಯೂಕ್‌ಗೆ. ಮೊದಲು ಅಜ್ಜಿಯ ಎದುರು, ಆಮೇಲೆ ಅಮ್ಮನ ಎದುರು, ಕೊನೆಗೆ ಮಗುವಿನ ಎದುರು: ಸೋಲಿನಲ್ಲಿ ಇಷ್ಟು ವೈವಿಧ್ಯ ನಾನಂತೂ ಸಾಧಿಸಿಲ್ಲ.

ನಾಟಕರಂಗ ಆಕೆಯನ್ನು ಕೈಬಿಡಲಿಲ್ಲ. ಸ್ಪರ್ಧೆಯಲ್ಲಿ ಐದು ಟೋನಿ ಪ್ರಶಸ್ತಿ ಬಂದವು. ಗೋಲ್ಡನ್ ಗ್ಲೋಬ್ ಆರು, ಅದರಲ್ಲಿ ನಾಲ್ಕು ಈ ಧಾರಾವಾಹಿಗೇ. ಆದರೆ ನನ್ನ ಆಸಕ್ತಿ ಬಂದ ಪ್ರಶಸ್ತಿಗಳ ಮೇಲಿಲ್ಲ.

‘ಮರ್ಡರ್, ಶಿ ರೋಟ್’ ಶುರುವಾದದ್ದು 1984ರ ಸೆಪ್ಟೆಂಬರಿನಲ್ಲಿ, ಆಕೆಗೆ ಐವತ್ತೊಂಬತ್ತು ತುಂಬಲು ಕೆಲವೇ ದಿನಗಳಿದ್ದಾಗ. ಹನ್ನೆರಡು ಸೀಸನ್, 264 ಕಂತು. ಒಂದೊಂದು ಸೀಸನ್ನಿಗೂ ತಪ್ಪದೆ ಎಮ್ಮಿಗೆ ನಾಮನಿರ್ದೇಶನ. ಹನ್ನೆರಡು ಸಲವೂ ಬೇರೆಯವರ ಹೆಸರು. ಟೈನ್ ಡೇಲಿ, ಶ್ಯಾರನ್ ಗ್ಲೆಸ್, ಡೇನಾ ಡೆಲನಿ, ಪೆಟ್ರೀಷಿಯಾ ವೆಟಿಗ್, ಕ್ಯಾಥಿ ಬೇಕರ್, ಸೀಲಾ ವಾರ್ಡ್ ಬಂದರು, ಗೆದ್ದರು, ಕೆಲವರು ಮತ್ತೆ ಬಂದು ಮತ್ತೆ ಗೆದ್ದರು. ಉಳಿದ ಆರು ನಾಮನಿರ್ದೇಶನಗಳು ಬೇರೆ ಬೇರೆ ಕೆಲಸಗಳಿಗೆ. ಅದರಲ್ಲಿ ಎರಡು ಟೋನಿ ಸಮಾರಂಭಗಳನ್ನು ನಿರೂಪಿಸಿದ್ದಕ್ಕೆ! ಇನ್ನೂ ಒಂದು ಸಂಗತಿ ಇದೆ. 1993ರ ಎಮ್ಮಿ ಸಮಾರಂಭದ ನಿರೂಪಕಿ ಸ್ವತಃ ಲ್ಯಾನ್ಸ್‌ಬರಿ. ಆ ರಾತ್ರಿಯೂ ಆಕೆಯ ಹೆಸರು ಪಟ್ಟಿಯಲ್ಲಿತ್ತು, ಆ ರಾತ್ರಿಯೂ ಗೆದ್ದದ್ದು ಕ್ಯಾಥಿ ಬೇಕರ್. ಹಬ್ಬದಡುಗೆಯನ್ನೆಲ್ಲ ತಾನೇ ಮಾಡಿ ಬಡಿಸಿದವಳಿಗೆ ಎಲೆ ಹಾಕದ ಹಾಗೆ ಎಂದು ಹೋಲಿಸಬಹುದಿತ್ತು. ಸೋದರತ್ತೆಯ ಹೋಲಿಕೆ ಆಗಲೇ ಒಂದು ಖರ್ಚಾಗಿರುವುದರಿಂದ ಬಿಡುತ್ತೇನೆ.

ಯಾಕೆ ಕೊಡಲಿಲ್ಲ? ಗೆದ್ದವರ ಪಾತ್ರಗಳನ್ನು ನೋಡಿದರೆ ನನಗೊಂದು ಅನುಮಾನ. ಡೇಲಿ, ಗ್ಲೆಸ್ ಇಬ್ಬರೂ ಗಂಡಸರ ಪೊಲೀಸ್ ಇಲಾಖೆಯಲ್ಲಿ ಏಗುವ ಹೆಂಗಸರು, ಡೆಲನಿ ವಿಯೆಟ್ನಾಂ ಯುದ್ಧದ ದಾದಿ, ವೆಟಿಗ್ ಪಾತ್ರಕ್ಕೆ ಕ್ಯಾನ್ಸರ್. ಒಳ್ಳೆಯ ನಟಿಯರು, ಅವರ ಮೇಲೆ ನನ್ನ ತಕರಾರಿಲ್ಲ. ಆದರೆ ಜೆಸಿಕಾ ಫ್ಲೆಚರ್ ಸೈಕಲ್ ತುಳಿಯುತ್ತಾಳೆ, ನೆರೆಯವರ ಮನೆಗೆ ಹೋಗಿ ಹರಟುತ್ತಾಳೆ, ಕೊಲೆಗಾರ ಸಿಕ್ಕಿದ ಮೇಲೆ ಯಾರದೋ ಮಾತಿಗೆ ನಗುತ್ತಾಳೆ, ಆ ನಗುವಿನ ಮೇಲೆ ಚಿತ್ರ ನಿಲ್ಲುತ್ತದೆ. ಪ್ರತಿ ಕಂತಿನ ಕೊನೆಗೂ ನಗುವ ಹೆಂಗಸಿಗೆ ತೀರ್ಪುಗಾರರು ಪ್ರಶಸ್ತಿ ಕೊಡುವುದಿಲ್ಲ. ಹಗುರವಾಗಿ ಕಾಣುವುದು ಸುಲಭದ್ದಿರಬೇಕು ಎಂಬ ನಂಬಿಕೆ ಅಮೆರಿಕದ ತೀರ್ಪುಗಾರರಿಗಷ್ಟೇ ಇರುವುದಲ್ಲ. ಲಲಿತ ಪ್ರಬಂಧ ಬರೆಯುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ನಮ್ಮ ರಾಷ್ಟ್ರಪ್ರಶಸ್ತಿಯಲ್ಲಿ ಈ ನಾಮನಿರ್ದೇಶನದ ಗೋಳಿಲ್ಲ. ‘ಕಾಡು’ ಚಿತ್ರಕ್ಕೆ ನಂದಿನಿ ಭಕ್ತವತ್ಸಲ, ‘ಹಸೀನಾ’ಗೆ ತಾರಾ, ‘ಗುಲಾಬಿ ಟಾಕೀಸು’ಗೆ ಉಮಾಶ್ರೀ ಶ್ರೇಷ್ಠ ನಟಿ ಎಂದು ಪ್ರಕಟವಾಯಿತೇ ಹೊರತು, ಅವರ ಎದುರು ಯಾರು ಸೋತರು ಎಂದು ಯಾರೂ ಸಾರಲಿಲ್ಲ. ಸೋತವರು ಮನೆಯಲ್ಲೇ ಕೂತು, ಬೇಕಾದರೆ ತೀರ್ಪುಗಾರರಿಗೆ ಬೈದುಕೊಂಡು, ಊಟ ಮಾಡಿ ಮಲಗಬಹುದು. ಅಲ್ಲಿ ಹಾಗಲ್ಲ. ಲಕೋಟೆ ಒಡೆಯುವ ಹೊತ್ತಿಗೆ ಎಲ್ಲರ ಮುಖದ ಮೇಲೂ ಕ್ಯಾಮರಾ. ಸೋತವರು ಥಟ್ಟನೆ ನಗಬೇಕು, ಚಪ್ಪಾಳೆ ತಟ್ಟಬೇಕು. ವರ್ಷದ ಅತ್ಯಂತ ಕಷ್ಟದ ನಟನೆ ಅದೇ ಇರಬೇಕು, ಅದಕ್ಕೊಂದು ವಿಭಾಗವಿಲ್ಲ.

ಇಷ್ಟಾದರೂ ನಮ್ಮ ಪದ್ಧತಿಗಿಂತ ಅವರದೇ ವಾಸಿ ಎನ್ನುವವನು ನಾನು. ಸೋತವರ ಹೆಸರೂ ದಾಖಲೆಯಲ್ಲಿ ಉಳಿಯುತ್ತದೆ. ಲ್ಯಾನ್ಸ್‌ಬರಿಯ ಆ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಓದಿದರೆ, ಹತ್ತೊಂಬತ್ತರಿಂದ ಎಪ್ಪತ್ತೊಂಬತ್ತರವರೆಗೆ ಕೆಲಸಕ್ಕೆ ತಪ್ಪಿಸಿಕೊಳ್ಳದ ಒಬ್ಬ ಹೆಂಗಸಿನ ಹಾಜರಿ ಪುಸ್ತಕ ಕಾಣುತ್ತದೆ. 1995ರಲ್ಲಿ ವಾಹಿನಿಯವರು ಧಾರಾವಾಹಿಯನ್ನು ಭಾನುವಾರದಿಂದ ಗುರುವಾರಕ್ಕೆ ಎತ್ತಿ, ‘ಫ್ರೆಂಡ್ಸ್’ ಎದುರು ನಿಲ್ಲಿಸಿದರು. ನೋಡುಗರು ಕಡಿಮೆಯಾದರು, ಮರುವರ್ಷ ಅದು ಮುಗಿಯಿತು. ಆಗಲೂ ನಾಮನಿರ್ದೇಶನ ಬಂತು. ಎಂಬತ್ತೆಂಟನೆಯ ವಯಸ್ಸಿನಲ್ಲಿ, 2013ರಲ್ಲಿ, ಗೌರವ ಆಸ್ಕರ್ ಕೊಟ್ಟರು. 2022ರ ಅಕ್ಟೋಬರಿನಲ್ಲಿ, ತೊಂಬತ್ತೇಳು ತುಂಬಲು ಐದು ದಿನ ಇರುವಾಗ ಆಕೆ ತೀರಿಕೊಂಡಳು.

ಧಾರಾವಾಹಿಯ ಕಂತುಗಳಲ್ಲಿ ಹಳೆಯ ಹಾಲಿವುಡ್ಡಿನ ಮುಖಗಳು ಮೇಲಿಂದ ಮೇಲೆ ಕಾಣುತ್ತವೆ. ಅಲ್ಲಿನ ಕಲಾವಿದರ ಸಂಘದಲ್ಲಿ ವರ್ಷಕ್ಕೆ ಇಷ್ಟು ಎಂದು ದುಡಿದರೆ ಮಾತ್ರ ಆರೋಗ್ಯ ವಿಮೆ. ಯಾರೂ ಕರೆಯದೆ ಮನೆಯಲ್ಲಿ ಕೂತ ಹಿರಿಯ ನಟನಟಿಯರಿಗೆ ಒಂದೊಂದು ಪಾತ್ರ ಸಿಗುವಂತೆ ಆಕೆ ನೋಡಿಕೊಂಡಳು, ಸಾಕ್ಷಿಯಾಗಿಯೋ, ಹೆಣವಾಗಿಯೋ. ಇದಕ್ಕೆ ಎಮ್ಮಿ ಕೊಡಿ ಎಂದು ನಾನು ಕೇಳುವುದಿಲ್ಲ. ನಟನೆಗೇ ಕೊಡಬೇಕಿತ್ತು. ಯಾವ ವರ್ಷದ್ದು ಎಂದರೆ ಮೊದಲನೆಯದೇ, 1985ರದು. ಆ ಸಲ ಗೆದ್ದ ಟೈನ್ ಡೇಲಿಯ ಮನೆಯಲ್ಲಿ ಆಗಲೇ ಎರಡು ಇದ್ದವು.