ಅಮ್ಮ ಕಂಡ ಹಾವಕ್ಕಿ

ಪಾರ್ಶ್ವವಾಯು ಹೊಡೆದ ಮೇಲೆ ಅಮ್ಮನ ಪ್ರವಾಸವೆಲ್ಲ ಕಾರಿನೊಳಗೇ ಮುಗಿಯುತ್ತಿತ್ತು. ‘ನೀವ್ ಹೋಗ್ಬನ್ನಿ, ನಾನಿಲ್ಲೇ ಕೂತಿರ್ತೀನಿ’ ಅನ್ನೋಳು. ಬಂದು ಫೋಟೋ ತೋರಿಸಿದರೆ ‘ಚೆನ್ನಾಗಿದೆ’ ಅನ್ನೋಳು. ಹೊರಗೆ ಹೊರಟ ದಿನ ನೀರು ಕುಡಿಯೋದನ್ನೂ ಬಿಟ್ಟಿದ್ದಳು. ಕಾರಣ ಹೇಳಬೇಕಿಲ್ಲ ತಾನೇ?

ಫ್ಲಾರಿಡಾದ ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಮೊದಲು ತೋರಿಸಿದ್ದು ವೀಲ್‌ಚೇರ್ ಸಲೀಸಾಗಿ ತಿರುಗುವ ಶೌಚಾಲಯವನ್ನೇ. ನೋಡಿದವಳೇ ಬಾಟಲಿ ಕೇಳಿ ಗಟಗಟ ಕುಡಿದಳು.

ಅಲ್ಲಿನ ಅನ್‌ಹಿಂಗಾ ಟ್ರೇಲ್ ಹೋಗಿಬರಲು ಒಟ್ಟು 1.3 ಕಿ.ಮೀ. ಸ್ವಲ್ಪ ದೂರ ಮಟ್ಟಸ ದಾರಿ, ಮುಂದೆ ಜೌಗಿನ ಮೇಲೆ ಹಲಗೆ ಹಾಸು. ಚಳಿಗಾಲದಲ್ಲಿ ಮಳೆ ಕಮ್ಮಿ. ಸುತ್ತಲ ನೀರು ಇಂಗಿದಂತೆ ಪ್ರಾಣಿಪಕ್ಷಿಗಳೆಲ್ಲ ಉಳಿದ ಮಡುವಿಗೇ ಬಂದು ಸೇರುತ್ತವೆ. ಕಾಡು ಹೊಕ್ಕು ಹುಡುಕಬೇಕಿಲ್ಲ.

ನಾನು ಬಿಸಿಲು ಕಾಯುತ್ತಿದ್ದ ಆಲಿಗೇಟರ್ ನೋಡುತ್ತಿದ್ದೆ. ‘ನಿಲ್ಸೋ’ ಅಂದಳು ಅಮ್ಮ. ಕೊಂಬೆಯ ಮೇಲೊಂದು ಕಪ್ಪು ಹಕ್ಕಿ ರೆಕ್ಕೆ ಹರವಿ ಕೂತಿತ್ತು.

‘ರಂಗನತಿಟ್ಟಿನ ಹಾವಕ್ಕಿ ಅಲ್ವೇನೋ ಇದು?’

ಹೆಚ್ಚುಕಮ್ಮಿ ಅದೇ. ಅನ್‌ಹಿಂಗಾ ನಮ್ಮ ಹಾವಕ್ಕಿಯ ಹತ್ತಿರದ ನೆಂಟ. ಇದರ ಪುಕ್ಕ ಬೇಗ ನೆನೆಯುತ್ತೆ, ಮುಳುಗಿ ಮೀನು ಹಿಡಿಯಲು ಅದೇ ಅನುಕೂಲ. ಆಮೇಲೆ ಹೀಗೆ ಒಣಗಿಸಿಕೊಂಡು ಕೂರಬೇಕು. ಅದು ರೆಕ್ಕೆ ಮಡಚಿ ನೀರಿಗೆ ಧುಮುಕುವವರೆಗೂ ಅಮ್ಮ ವೀಲ್‌ಚೇರ್ ಕದಲಿಸಲು ಬಿಡಲಿಲ್ಲ.