‘ಅದು ನಾರ್ಮಲ್’ ಅಂದಿದ್ದೆ

ಹೋದ ಜೂನ್‌ನಲ್ಲಿ ಅಪ್ಪ ಫೋನ್ ಮಾಡಿದಾಗ ನಾನು ಆಫೀಸಿನ ಕಾಲ್‌ನಲ್ಲಿದ್ದೆ. ಆ ಕಡೆ ಮ್ಯೂಟ್ ಮಾಡಿ ಈ ಕಡೆ ಫೋನ್ ಎತ್ತಿದೆ.

“ಕಾರಿನ ಹೆಡ್‌ಲೈಟ್ ಒಳಗೆ ನೀರು ಕೂತಿದೆ ಮಾರಾಯ. ಎಂತ ಮಾಡೋದು?”

“ಮಂಜು ಕಟ್ಟಿರುತ್ತೆ ಅಪ್ಪಾ. ಮಳೆಗಾಲದಲ್ಲಿ ಅದು ನಾರ್ಮಲ್. ಲೈಟ್ ಹಾಕಿ ಓಡಿಸಿದ್ರೆ ತಾನಾಗೇ ಹೋಗುತ್ತೆ.”

“ಹೌದಾ, ಸರಿ” ಅಂದು ಇಟ್ಟರು. ಒಂದು ನಿಮಿಷವೂ ಆಗಿರಲಿಲ್ಲ. ಸಮಸ್ಯೆ ಬಗೆಹರಿಸಿದ ಖುಷಿಯಲ್ಲಿ ನಾನು ಮತ್ತೆ ಕಾಲ್‌ಗೆ ಹೋದೆ.

ನಮ್ಮೂರು ತೀರ್ಥಹಳ್ಳಿ ಹತ್ತಿರ. ಜೂನ್‌ನಲ್ಲಿ ಹಿಡಿದ ಮಳೆ ಬಿಟ್ಟರೆ ಬಿಟ್ಟಿತು, ಇಲ್ಲದಿದ್ದರೆ ಇಲ್ಲ. ಅಪ್ಪನ ಹಳೇ ಹ್ಯಾಚ್‌ಬ್ಯಾಕಿಗೆ ಹತ್ತು ವರ್ಷ ದಾಟಿದೆ. ಪೇಟೆಗೆ, ಸೊಸೈಟಿಗೆ, ಯಾರದ್ದಾದರೂ ಮನೆ ಕಾರ್ಯಕ್ಕೆ ಅದೇ ಗಾಡಿ. ಮಳೆಗಾಲದಲ್ಲಿ ಸಂಜೆ ಆರೂವರೆಗೇ ತೋಟದ ನಡುವಿನ ರಸ್ತೆ ಕಪ್ಪಾಗಿಬಿಡುತ್ತೆ.

ಮೂರು ವಾರ ಬಿಟ್ಟು ಅಮ್ಮ ಫೋನ್ ಮಾಡಿದಳು. ಅದೂ ಇದೂ ಮಾತಾಡಿ, ಕೊನೆಗೆ ದನಿ ತಗ್ಗಿಸಿ, “ನಿಂಗೆ ಹೇಳ್ಬೇಡ ಅಂದಿದ್ದಾರೆ. ಮೊನ್ನೆ ರಾತ್ರಿ ಪೇಟೆಯಿಂದ ಬರುವಾಗ ತಿರುವಲ್ಲಿ ಒಬ್ರು ಕಪ್ಪು ಛತ್ರಿ ಹಿಡ್ಕಂಡು ನಡೀತಿದ್ರಂತೆ. ಹತ್ತಿರ ಬರೋವರೆಗೂ ಕಾಣ್ಲೇ ಇಲ್ಲವಂತೆ. ಬ್ರೇಕ್ ಹಾಕಿ ಗಾಡಿ ಚರಂಡಿ ಕಡೆಗೆ ಹೋಗಿ ನಿಂತಿದೆ. ಯಾರಿಗೂ ಏನೂ ಆಗ್ಲಿಲ್ಲ. ಆದ್ರೆ ಅವತ್ತು ಅಪ್ಪ ಊಟ ಮಾಡ್ಲಿಲ್ಲ” ಅಂದಳು.

ಆ ಶುಕ್ರವಾರ ರಾತ್ರಿಯ ಬಸ್ಸಿಗೇ ಊರಿಗೆ ಹೊರಟೆ.

ಬೆಳಗ್ಗೆ ಹೋಗಿ ನೋಡಿದರೆ ಎಡಗಡೆಯ ಹೆಡ್‌ಲೈಟ್ ಅಡಿಯಲ್ಲಿ ನೀರು ಅಲುಗಾಡುತ್ತಿತ್ತು. ಬಾನೆಟ್ ಮೇಲೆ ಕೈಯಿಟ್ಟು ಕುಲುಕಿದರೆ ಅಕ್ವೇರಿಯಂ ಥರ. ಅಪ್ಪ ಹೇಳಿದ್ದು ‘ನೀರು’ ಅಂತ. ಅದನ್ನು ‘ಮಂಜು’ ಮಾಡಿಕೊಂಡವನು ನಾನು.

ಹಾಗಂತ ನಾನು ಅವತ್ತು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಹೆಡ್‌ಲೈಟ್ ಡಬ್ಬಿಯಂತೆ ಬಿಗಿಯಾಗಿ ಮುಚ್ಚಿರುವುದಿಲ್ಲ. ಅದಕ್ಕೆ ಉಸಿರಾಟ ಇದೆ. ಬಲ್ಬ್ ಉರಿದಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತೆ, ಹಿಂದಿರುವ ಸಣ್ಣ ದ್ವಾರದಿಂದ ಹೊರಗೆ ಹೋಗುತ್ತೆ. ಆರಿಸಿದಾಗ ತಣ್ಣಗಾಗಿ ಕುಗ್ಗುತ್ತೆ, ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತೆ. ಮಳೆಗಾಲದ ಗಾಳಿಯಲ್ಲಿ ತೇವ ಇದ್ದೇ ಇರುತ್ತೆ. ಮುಂದಿನ ಲೆನ್ಸ್ ಮೇಲೆ ತಣ್ಣೀರು ಬಿದ್ದಾಗ ಆ ತೇವ ಒಳಮೈಯಲ್ಲಿ ತೆಳ್ಳಗೆ ಹನಿಗಟ್ಟುತ್ತೆ. ಸ್ಟೀಲ್ ಲೋಟದಲ್ಲಿ ಫ್ರಿಜ್ ನೀರು ಹಾಕಿದಾಗ ಲೋಟದ ಹೊರಗೆ ಬೆವರುತ್ತಲ್ಲ, ಅದೇ. ಈ ತೆಳು ಮಂಜು ಸಾಮಾನ್ಯ ಅಂತ ಎಷ್ಟೋ ಕಾರುಗಳ ಮ್ಯಾನ್ಯುಯಲ್‌ನಲ್ಲೇ ಬರೆದಿರುತ್ತಾರೆ. ಲೈಟ್ ಹಾಕಿಕೊಂಡು ಸ್ವಲ್ಪ ದೂರ ಓಡಿಸಿದರೆ ಹೋಗುತ್ತೆ. ಎಲ್‌ಇಡಿ ಹೆಡ್‌ಲೈಟ್ ಆದರೆ ಅದರ ಬಿಸಿ ಹೆಚ್ಚಾಗಿ ಹಿಂದಕ್ಕೆ ಹೋಗುವುದರಿಂದ ಮುಂದಿನ ಲೆನ್ಸ್ ಬೇಗ ಬೆಚ್ಚಗಾಗುವುದಿಲ್ಲ. ಮಂಜು ಹೋಗಲು ಇನ್ನಷ್ಟು ಹೊತ್ತು ಬೇಕು, ಅಷ್ಟೇ.

ಆದರೆ ನಾನು ಮಾಡದೇ ಬಿಟ್ಟ ಲೆಕ್ಕ ಒಂದಿತ್ತು. 30 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಹೆಡ್‌ಲೈಟ್ ಒಳಗೆ 10 ಲೀಟರ್ ಗಾಳಿ ಇದೆ ಅಂತ ದೊಡ್ಡ ಮನಸ್ಸಿನಿಂದಲೇ ಹಿಡಿಯಿರಿ. ಅದರಲ್ಲಿರುವ ಅಷ್ಟೂ ಆವಿ ನೀರಾದರೂ 0.3 ಗ್ರಾಂ. ಅಂದರೆ ಐದಾರು ಹನಿ! ನಮ್ಮ ಕಾರಿನಲ್ಲಿ ಕೂತಿದ್ದದ್ದು ಹತ್ತಿರ ಹತ್ತಿರ ಅರ್ಧ ಲೋಟ. ಅಷ್ಟು ನೀರು ಉಸಿರಾಟದಿಂದ ಬರುವುದಿಲ್ಲ, ತೂತಿನಿಂದ ಬರುತ್ತೆ. “ಎಷ್ಟು ನೀರಿದೆ ಅಪ್ಪಾ?” ಅಂತ ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಫೋನ್‌ನಲ್ಲೇ ಗೊತ್ತಾಗುತ್ತಿತ್ತು.

ಅದೂ ಎಡಗಡೆಯ ಲೈಟು. ನಮ್ಮಲ್ಲಿ ಗಾಡಿ ಎಡಕ್ಕೆ ಓಡಿಸುವುದರಿಂದ ಲೋ ಬೀಮ್ ಬೆಳಕನ್ನು ಎಡಗಡೆಗೆ ಸ್ವಲ್ಪ ಮೇಲಕ್ಕೆ ಬೀಳುವಂತೆ ಮಾಡಿರುತ್ತಾರೆ. ಎದುರಿನವರ ಕಣ್ಣಿಗೆ ಹೊಡೆಯಬಾರದು, ರಸ್ತೆಯ ಅಂಚಿನಲ್ಲಿ ನಡೆಯುವವರು ಕಾಣಬೇಕು ಅನ್ನುವ ಲೆಕ್ಕ. ಲೆನ್ಸ್ ತುಂಬ ಹನಿ ಕೂತರೆ ಬೆಳಕು ಎಲ್ಲೆಲ್ಲೋ ಚದುರುತ್ತೆ. ಅಂಚು ಕತ್ತಲಾಗುತ್ತೆ. ಅಪ್ಪನಿಗೆ ಆ ಛತ್ರಿ ಕಾಣದೇ ಇದ್ದದ್ದು ಅಲ್ಲೇ.

ಪೇಟೆಯ ಮೆಕ್ಯಾನಿಕ್ ಬಂಪರ್ ಸಡಿಲಿಸಿ ಇಡೀ ಹೆಡ್‌ಲೈಟ್ ಹೊರಗೆ ತೆಗೆದರು. ತಲೆಕೆಳಗು ಮಾಡಿ ನೀರು ಚೆಲ್ಲಿದರು. ಲೆನ್ಸ್‌ನಲ್ಲಿ ಬಿರುಕಿಲ್ಲ, ಸುತ್ತಲಿನ ಅಂಟು ಬಿಟ್ಟಿಲ್ಲ. ಹಿಂದೆ ತಿರುಗಿಸಿ ನೋಡಿ, “ಇದರ ರಬ್ಬರ್ ಎಲ್ಲಿ ಸರ್?” ಅಂದರು.

ಬಲ್ಬಿನ ಹಿಂದೆ ಒಂದು ಕಪ್ಪು ರಬ್ಬರ್ ಮುಚ್ಚಳ ಇರುತ್ತೆ. ಅದು ಇರಲಿಲ್ಲ. ಅಷ್ಟಗಲದ ತೂತು ಬಾಯಿ ಬಿಟ್ಟುಕೊಂಡಿತ್ತು.

ನನ್ನ ಕಿವಿ ಬಿಸಿಯಾಯಿತು. ಜನವರಿಯಲ್ಲಿ, ಸಂಕ್ರಾಂತಿಗೆ ಹೋದಾಗ, ಆ ಬಲ್ಬ್ ಬದಲಿಸಿದವನು ನಾನೇ. ವಿಡಿಯೋ ನೋಡಿಕೊಂಡು ಹತ್ತು ನಿಮಿಷದಲ್ಲಿ ಮುಗಿಸಿ, “ಇದಕ್ಕೆಲ್ಲ ಗ್ಯಾರೇಜ್ ಯಾಕಪ್ಪಾ” ಅಂತ ಭಾಷಣ ಬೇರೆ ಬಿಗಿದಿದ್ದೆ. ರಬ್ಬರ್ ಮುಚ್ಚಳ ತೆಗೆದು ಬ್ಯಾಟರಿ ಮೇಲಿಟ್ಟದ್ದು ನೆನಪಿದೆ. ವಾಪಸ್ ಹಾಕಿದ್ದು ನೆನಪಿಲ್ಲ. ಲೈಟ್ ಉರಿಯಿತು, ಬಾನೆಟ್ ಮುಚ್ಚಿದೆ. ಜನವರಿಯಿಂದ ಮೇವರೆಗೆ ಒಣಹವೆ, ಏನೂ ಗೊತ್ತಾಗಲಿಲ್ಲ. ಮಳೆ ಹಿಡಿದ ಮೇಲೆ ಚಕ್ರದಿಂದ ಚಿಮ್ಮಿದ್ದೆಲ್ಲ ಒಳಗೆ. ಆಫೀಸಿನಲ್ಲಿ ಇಂಥ ಬಗ್ ಎಷ್ಟು ನೋಡಿಲ್ಲ! ಟೆಸ್ಟ್ ಮಾಡಿದ ದಿನ ಎಲ್ಲ ಸರಿ ಇರುತ್ತೆ.

ಅವತ್ತು ಹೆಡ್‌ಲೈಟನ್ನು ಮನೆಗೆ ತಂದೆವು. ಅಮ್ಮ ಬಚ್ಚಲ ಒಲೆಯ ಮೇಲೆ ನೇತುಹಾಕು ಅಂದಳು. ನಮ್ಮಲ್ಲಿ ಮಳೆಗಾಲದ ಬಟ್ಟೆ ಒಣಗುವುದು ಅಲ್ಲೇ. ಲೆನ್ಸ್ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್, ಸುತ್ತಲೂ ಅಂಟು. ನೇರ ಬಿಸಿ ತಾಗಿದರೆ ಸೊಟ್ಟಗಾಗುತ್ತೆ ಅಥವಾ ಅಂಟು ಬಿಡುತ್ತೆ. ಹೇರ್ ಡ್ರೈಯರ್ ಹತ್ತಿರ ಹಿಡಿಯಬಾರದು ಅನ್ನುವುದೂ ಇದಕ್ಕೇ. ಆದರೆ ಒಲೆಯಿರುವ ಕೋಣೆಯ ಬೆಚ್ಚನೆ ಗಾಳಿ ಒಳ್ಳೆಯದೇ. ಒಲೆಯಿಂದ ದೂರ ಸ್ಟೂಲ್ ಮೇಲಿಟ್ಟು, ಹಿಂದಿನ ತೂತಿನ ಕಡೆಗೆ ಟೇಬಲ್ ಫ್ಯಾನ್ ತಿರುಗಿಸಿ ರಾತ್ರಿಯಿಡೀ ಬಿಟ್ಟೆವು. ಬೆಳಗ್ಗೆ ಒಳಗೆ ಒಂದು ಹನಿಯೂ ಇರಲಿಲ್ಲ. ಅಡಿಯಲ್ಲಿ ಬೆಳ್ಳಿಬಣ್ಣದ ಪ್ರತಿಫಲಕದ ಲೇಪ ಸ್ವಲ್ಪ ಎದ್ದಿತ್ತು. ಅದು ಮತ್ತೆ ಸರಿಯಾಗುವುದಿಲ್ಲ. ಇನ್ನೂ ಎರಡು ತಿಂಗಳು ಬಿಟ್ಟಿದ್ದರೆ ಇಡೀ ಹೆಡ್‌ಲೈಟೇ ಹೊಸದು ಬೇಕಾಗುತ್ತಿತ್ತು.

ಹಾಗೆಯೇ, ನೀರು ಹೋಗಲಿ ಅಂತ ಕೆಳಗೆ ತೂತು ಕೊರೆಯುವುದು, ನೀರು ಬರಬಾರದು ಅಂತ ಕಂಡ ದ್ವಾರಕ್ಕೆಲ್ಲ ಸಿಲಿಕೋನ್ ತುಂಬುವುದು, ಎರಡೂ ಬೇಡ. ಮೊದಲನೆಯದು ಧೂಳು, ನೀರಿಗೆ ಹೊಸ ದಾರಿ ಮಾಡಿಕೊಡುತ್ತೆ. ಎರಡನೆಯದು ಉಸಿರು ಕಟ್ಟಿಸುತ್ತೆ. ಹ್ಯಾಲೊಜೆನ್ ಬಲ್ಬ್ ಹಾಕುವಾಗ ಗಾಜನ್ನು ಬರಿಗೈಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಅಂಟಿದ ಜಾಗ ಹೆಚ್ಚು ಕಾದು ಬಲ್ಬ್ ಬೇಗ ಹೋಗುತ್ತೆ.

ಬೆಳಗಿನ ಕಾಫಿ ಹೊತ್ತಿಗೆ ಅಪ್ಪನಿಗೆ ಹೇಳಿದೆ. “ಮುಚ್ಚಳ ಹಾಕೋದು ಮರೆತವನು ನಾನೇ ಅಪ್ಪಾ. ಒಂದು ರಬ್ಬರ್ ಬೇಕು, ದುಂಡಗೆ, ಕಪ್ಪಗೆ, ಮಧ್ಯೆ ತೂತಿರುತ್ತೆ.”

ಅಪ್ಪ ಲೋಟ ಕೆಳಗಿಟ್ಟು ಎದ್ದು ಹೋದರು. ಒಳಗಿನಿಂದ ಹಳೇ ಬಿಸ್ಕತ್ ಡಬ್ಬಿ ತಂದರು. ಮೊಳೆ, ವಾಶರ್, ಮುರಿದ ಕೀ, ನಲ್ಲಿಯ ತಿರುಪು ಎಲ್ಲದರ ನಡುವೆ ಅದು ಕೂತಿತ್ತು.

“ಇದಾ? ಜಗಲಿ ಮುಂದೆ ಕಾರಿನಡಿ ಬಿದ್ದಿತ್ತು. ನಿನ್ನಮ್ಮ ಮಿಕ್ಸಿದು ಅಂದ್ಲು. ನಾನು ಪಂಪ್‌ಸೆಟ್‌ದು ಇರ್ಬೇಕು ಅಂತ ಎತ್ತಿಟ್ಟಿದ್ದೆ.”

ನಗು ಬಂತು, ಆದರೆ ಗಂಟಲಲ್ಲೇ ನಿಂತಿತು. “ಆವತ್ತು ಛತ್ರಿ ಹಿಡಿದವರು...” ಅಂತ ಶುರು ಮಾಡಿದೆ. ಅಪ್ಪ ಅಮ್ಮನ ಕಡೆ ಒಮ್ಮೆ ನೋಡಿ, “ಆಗ್ಲಿಲ್ವಲ್ಲ, ಬಿಡು” ಅಂದರು. ಸ್ವಲ್ಪ ಹೊತ್ತಾದ ಮೇಲೆ, “ನೀನು ನಾರ್ಮಲ್ ಅಂದೆ, ಅದಕ್ಕೇ ನಾನೂ ಗ್ಯಾರೇಜಿಗೆ ಹೋಗ್ಲಿಲ್ಲ” ಅಂದರು. ದೂರುವ ದನಿಯಲ್ಲ. ನಡೆದದ್ದನ್ನು ಹೇಳಿದರು, ಅಷ್ಟೇ. ಬೈದಿದ್ದರೇ ವಾಸಿ ಇತ್ತು.

ಆ ಮುಚ್ಚಳವನ್ನೇ ತೊಳೆದು, ಒರೆಸಿ, ಅಂಚು ಮಡಿಸಿಕೊಳ್ಳದಂತೆ ಬೆರಳಾಡಿಸಿ ಸುತ್ತಲೂ ಒತ್ತಿ ಕೂರಿಸಿದೆ. ಅಪ್ಪ ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿದಿದ್ದರು.

ಈಗಲೂ ಜೋರು ಮಳೆ ಬಂದ ದಿನ ಅಪ್ಪನ ಫೋನ್ ಬರುತ್ತೆ. “ಮೂಲೆಯಲ್ಲಿ ಒಂಚೂರು ಮಂಜು ಇತ್ತು. ನೀರಿಲ್ಲ. ಲೈಟ್ ಹಾಕಿ ಪೇಟೆ ಮುಟ್ಟೋದರೊಳಗೆ ಹೋಯ್ತು.” ನಾನು ಕಾಲ್‌ನಲ್ಲಿದ್ದರೆ, “ಹತ್ತು ನಿಮಿಷ ಬಿಟ್ಟು ಮಾಡ್ತೀನಪ್ಪಾ” ಅನ್ನುತ್ತೇನೆ. ಆಮೇಲೆ ಫೋನ್ ಮಾಡಿ, ಯಾವ ಕಡೆ, ಎಷ್ಟು, ಯಾವಾಗಿಂದ ಅಂತ ಕೇಳುತ್ತೇನೆ. ನಾರ್ಮಲ್ ಅನ್ನುವುದನ್ನು ಈಗ ಅವರೇ ಹೇಳುತ್ತಾರೆ.